ಪ್ರಶ್ನೋತ್ತರ: ಗರ್ಭದಲ್ಲಿ ಮೂತ್ರಪಿಂಡಗಳು ರೂಪುಗೊಳ್ಳದೇ ಹೋಗುವುದೇಕೆ?

ಸದಸ್ಯೆ, ವಿಜಯಪುರ: ಮೇಡಂ, ನನ್ನ ಮದುವೆ ಸೋದರಮಾವನೊಂದಿಗೆ ಆಗಿದೆ. ಎಂಟನೆಯ ತಿಂಗಳಲ್ಲಿ ಹುಟ್ಟಿದ ಮಗು ಕೆಲವೇ ಗಂಟೆಗಳಲ್ಲಿ ತೀರಿಕೊಂಡಿತು. ಎರಡೂ ಕಿಡ್ನಿಗಳು ಇರಲಿಲ್ಲವೆಂದರು. ಕಣ್ಣಿನ ರೆಪ್ಪೆಗಳು ಕೂಡಿಕೊಂಡಿದ್ದವು, ಬೆರಳುಗಳೂ ಅಂಟಿಕೊಂಡಿದ್ದವು. ನಾನು ಗ್ರಹಣದ ದಿನ ಹೊರಗೆ ಹೋದದ್ದೇ ಕಾರಣವೆಂದು ಮನೆಯವರು ಹೇಳುತ್ತಾರೆ.

ಮಕ್ಕಳ ಮೂತ್ರಪಿಂಡ ತಜ್ಞೆ: ಗ್ರಹಣಕ್ಕೂ ಇದಕ್ಕೂ ಸಂಬಂಧವಿಲ್ಲ, ತಪ್ಪು ನಿಮ್ಮದಲ್ಲ. ರೆಪ್ಪೆಗಳ ವಿಷಯ ಬರೆದದ್ದು ಒಳ್ಳೆಯದಾಯಿತು. ಅವು ಏಳನೆಯ ತಿಂಗಳ ಹೊತ್ತಿಗೆ ಬಿಡಿಸಿಕೊಳ್ಳಬೇಕಿತ್ತು. ಗರ್ಭ ನಿಂತ ಐದನೆಯ ವಾರದ ಸುಮಾರಿಗೆ ಭ್ರೂಣದ ನಾಳವೊಂದರಿಂದ ಚಿಗುರುವ ಮೊಗ್ಗು, ಪಕ್ಕದಲ್ಲಿರುವ ಸಡಿಲ ಜೀವಕೋಶಗಳ ಗುಂಪಿನೊಳಗೆ ಬೆಳೆದರೆ ಮಾತ್ರ ಮೂತ್ರಪಿಂಡವಾಗುತ್ತದೆ. ಮೊಗ್ಗನ್ನು ಸುತ್ತಿರುವ ತೆಳುಪೊರೆಯ ನೆಫ್ರೊನೆಕ್ಟಿನ್ ಎಂಬ ಪ್ರೋಟೀನನ್ನು ಆ ಜೀವಕೋಶಗಳು ತಮ್ಮ ಮೇಲ್ಮೈಯ ಹಿಡಿಕೆ-ಪ್ರೋಟೀನುಗಳಾದ ಇಂಟೆಗ್ರಿನ್‌ಗಳಿಂದ ಹಿಡಿದುಕೊಳ್ಳುತ್ತವೆ. ಆ ಹಿಡಿತ ಸಿಕ್ಕಾಗ ಅವು ಹೊರಬಿಡುವ ಜಿಡಿಎನ್‌ಎಫ್ ಸಂಕೇತವೇ ಮೊಗ್ಗನ್ನು ಒಳಕ್ಕೆ ಕರೆದುಕೊಳ್ಳುತ್ತದೆ. ನೆಫ್ರೊನೆಕ್ಟಿನ್ ಆ ಪೊರೆಯಲ್ಲಿ ನೆಲೆ ನಿಲ್ಲಲು ಫ್ರಾಸ್-1, ಫ್ರೆಮ್-2 ಎಂಬ ಪ್ರೋಟೀನುಗಳು ಬೇಕು. ಭ್ರೂಣದ ಚರ್ಮದ ಪದರಗಳನ್ನು ಹಿಡಿದಿಡುವುದೂ ಇವೇ. ಆದ್ದರಿಂದಲೇ ರೆಪ್ಪೆ, ಬೆರಳು ಮತ್ತು ಮೂತ್ರಪಿಂಡಗಳಲ್ಲಿ ಒಟ್ಟಿಗೆ ದೋಷ ಕಂಡಾಗ ನಾವು ಫ್ರೇಸರ್ ಸಿಂಡ್ರೋಮ್ ಎಂಬ ಆನುವಂಶಿಕ ಕಾಯಿಲೆ ಇರಬಹುದೆಂದು ಶಂಕಿಸುತ್ತೇವೆ. ಅದು ಖಚಿತವಾದರೆ, ನೀವಿಬ್ಬರೂ ದೋಷವಿರುವ ಜೀನಿನ ವಾಹಕರಾಗಿರುತ್ತೀರಿ, ಅಂದರೆ ನಿಮಗೆ ಕಾಯಿಲೆ ಇಲ್ಲದಿದ್ದರೂ ಆ ಜೀನಿನ ಒಂದು ಪ್ರತಿ ನಿಮ್ಮಲ್ಲಿರುತ್ತದೆ; ಸೋದರಿಕೆಯ ಮದುವೆಯಲ್ಲಿ ಹೀಗಾಗುವ ಸಾಧ್ಯತೆ ಹೆಚ್ಚು. ಪ್ರತಿ ಗರ್ಭದಲ್ಲೂ ಮರುಕಳಿಸುವ ಸಾಧ್ಯತೆ ನಾಲ್ಕರಲ್ಲಿ ಒಂದು. ಮುಂದಿನ ಗರ್ಭಕ್ಕೆ ಮೊದಲೇ ಇಬ್ಬರ ಜೀನ್ ಪರೀಕ್ಷೆ ಮಾಡಿಸಿ.

ವಿದ್ಯಾರ್ಥಿ, ಧಾರವಾಡ: ಸಡಿಲ ಜೀವಕೋಶಗಳು ಮುಂದೆ ಕೊಳವೆಗಳಾಗುವುದು ಹೇಗೆ?

ತಜ್ಞೆ: ಮೊಗ್ಗಿನಿಂದ ಬರುವ ಸಂಕೇತ ಸಿಕ್ಕಾಗ ಅವು ಒತ್ತೊತ್ತಾಗಿ ಸೇರಿ, ಕ್ಯಾಡ್ಹೆರಿನ್ ಪ್ರೋಟೀನುಗಳ ಮೂಲಕ ಒಂದನ್ನೊಂದು ಹಿಡಿದುಕೊಳ್ಳುತ್ತವೆ. ಆ ಹಿಡಿತಕ್ಕೆ ಕ್ಯಾಲ್ಸಿಯಂ ಅಗತ್ಯ.

ಸದಸ್ಯ, ತುಮಕೂರು: ಹಾಗಾದರೆ ಬಸುರಿಯರು ಎರಡು ಪಟ್ಟು ಕ್ಯಾಲ್ಸಿಯಂ ಮಾತ್ರೆ ತೆಗೆದುಕೊಳ್ಳಬಹುದಲ್ಲವೇ?

ತಜ್ಞೆ: ಬೇಡ. ವೈದ್ಯರು ಬರೆದಷ್ಟೇ ಸಾಕು.

ಸದಸ್ಯೆ, ಹಾಸನ: ನನ್ನ ಮಗನಿಗೆ ಹುಟ್ಟಿನಿಂದ ಒಂದೇ ಕಿಡ್ನಿ ಇದೆ. ಅವನು ಕಬಡ್ಡಿ ಆಡಬಹುದೇ?

ಸದಸ್ಯ, ಶಿರಸಿ: ಈಶ್ವರಿ ಬೇರಿನ ಕಷಾಯವನ್ನು 21 ದಿನ ಕುಡಿದರೆ ಗರ್ಭದೋಷವೆಲ್ಲ ನಿವಾರಣೆಯಾಗುತ್ತದೆಂದು ನನಗೊಂದು ಸಂದೇಶ ಬಂದಿದೆ.

ತಜ್ಞೆ: ದಯವಿಟ್ಟು ಅದನ್ನು ಅಳಿಸಿ. ಈಶ್ವರಿ ಬಳ್ಳಿಯಲ್ಲಿರುವ ಅರಿಸ್ಟೊಲೋಕಿಕ್ ಆಮ್ಲ ಮೂತ್ರಪಿಂಡದ ಕೊಳವೆಗಳನ್ನು ನಾಶಮಾಡುತ್ತದೆ, ಮೂತ್ರನಾಳದ ಕ್ಯಾನ್ಸರನ್ನೂ ತರುತ್ತದೆ. 1990ರ ದಶಕದಲ್ಲಿ ಬೆಲ್ಜಿಯಂನಲ್ಲಿ ಇದೇ ಕುಲದ ಗಿಡ ಬೆರೆತ, ತೂಕ ಇಳಿಸುವ ಔಷಧಿ ಸೇವಿಸಿದ ಅನೇಕ ಮಹಿಳೆಯರು ಮೂತ್ರಪಿಂಡಗಳನ್ನೇ ಕಳೆದುಕೊಂಡರು.

ಸದಸ್ಯ, ಶಿರಸಿ: ನಮ್ಮ ಹಿರಿಯರಿಗೆ ತಿಳಿಯದ್ದು ನಿಮಗೆ ತಿಳಿಯಿತೇ?

ತಜ್ಞೆ: ಅಳಿಸಿ ಎಂದೆ.

ಸದಸ್ಯ, ಬಾಗಲಕೋಟೆ: ನಮ್ಮಲ್ಲಿ ಮೂರು ತಲೆಮಾರಿನಿಂದ ಸೋದರಿಕೆಯ ಮದುವೆಗಳೇ ನಡೆದಿವೆ, ಎಲ್ಲರೂ ಚೆನ್ನಾಗಿದ್ದಾರೆ. ಸುಮ್ಮನೆ ಹೆದರಿಸಬೇಡಿ.

ಸದಸ್ಯೆ, ಮೈಸೂರು: ನಿಮ್ಮ ಮನೆಯೊಂದನ್ನು ನೋಡಿ ಊರಿಗೆಲ್ಲ ತೀರ್ಪು ಕೊಡುವುದು ಅವಿವೇಕ.

ಸದಸ್ಯ, ಬಾಗಲಕೋಟೆ: ಪೇಟೆಯಲ್ಲಿ ಕುಳಿತವರಿಗೆ ನಮ್ಮ ಸಂಬಂಧಗಳ ಬೆಲೆ ಗೊತ್ತಿಲ್ಲ.

ಸದಸ್ಯೆ, ಮೈಸೂರು: ಬೆಲೆ ತೆತ್ತವರು ಮೇಲೆಯೇ ಬರೆದಿದ್ದಾರೆ, ಓದಿ ನೋಡಿ.

ಸದಸ್ಯೆ, ಹಾಸನ: ನನ್ನ ಪ್ರಶ್ನೆಗೆ ಉತ್ತರ ಬರಲಿಲ್ಲ.

ಸದಸ್ಯ, ತುಮಕೂರು: ಗ್ರಹಣದ ಬಗ್ಗೆ ಮತ್ತೊಮ್ಮೆ ಕೇಳುತ್ತೇನೆ, ಸ್ವಲ್ಪವಾದರೂ ಪರಿಣಾಮ ಇರುವುದಿಲ್ಲವೇ?

ತಜ್ಞೆ: ಇಲ್ಲ. ವಿಜಯಪುರದ ಸಹೋದರಿ, ಜಗಳ ಮಾಡುವವರು ಮಾಡಲಿ, ನೀವು ಆಸ್ಪತ್ರೆಯಲ್ಲಿ ಮಗುವಿನ ರಕ್ತ ಅಥವಾ ಅಂಗಾಂಶದ ಮಾದರಿ ಉಳಿದಿದೆಯೇ ಎಂದು ನಾಳೆಯೇ ವಿಚಾರಿಸಿ. ಅದು ಸಿಕ್ಕರೆ ಯಾವ ಜೀನಿನ ದೋಷವೆಂಬುದನ್ನು ನೇರವಾಗಿ ಹುಡುಕಬಹುದು.