ಮೈಲಿನ್ ಪೊರೆಯಲ್ಲಿ ಬೆಳಕು ನಿಲ್ಲುತ್ತಿಲ್ಲ: ಮೀಪ್ ಸಿಮ್ಯುಲೇಷನ್‌ನಲ್ಲಿ ತಪ್ಪು ಎಲ್ಲಿ?

ಪ್ರಶ್ನೆ:
ನರಕೋಶದ ಉದ್ದನೆಯ ಎಳೆಯಾದ ಆಕ್ಸಾನ್ ಬೆಳಕನ್ನೂ ಸಾಗಿಸಬಲ್ಲದೇ ಎಂದು ನೋಡಲು, ಬೆಳಕಿನ ಅಲೆಗಳನ್ನು ಲೆಕ್ಕಹಾಕುವ ಮೀಪ್ ತಂತ್ರಾಂಶದಲ್ಲಿ ಅದನ್ನು ವೇವ್‌ಗೈಡ್ (ಬೆಳಕನ್ನು ಹಿಡಿದು ಸಾಗಿಸುವ ನಾಳ) ಆಗಿ ಮಾದರಿ ಮಾಡಿದ್ದೇನೆ. ಆಕ್ಸಾನ್ ತ್ರಿಜ್ಯ 0.6 ಮೈಕ್ರೊಮೀಟರ್, ಅದನ್ನು ಸುತ್ತುವ ಮೈಲಿನ್ ಪೊರೆ ಸೇರಿದರೆ 1, ತರಂಗಾಂತರ 0.8. ಸಿಲಿಂಡರ್ ನಿರ್ದೇಶಾಂಕ, ಎಂ = 0 (ಅಕ್ಷದ ಸುತ್ತ ಕ್ಷೇತ್ರ ಬದಲಾಗದು), ಗ್ರಿಡ್ 20 ನ್ಯಾನೊಮೀಟರ್. ರಾನ್ವಿಯರ್ ಗಂಟು (ಮೈಲಿನ್ ಇಲ್ಲದ ಸಣ್ಣ ಅಂತರ) ಇನ್ನೂ ಹಾಕಿಲ್ಲ, ಆದರೂ ನೇರ ಭಾಗದಲ್ಲೇ ಫ್ಲಕ್ಸ್ (ದಾಟಿ ಹೋಗುವ ಬೆಳಕಿನ ಶಕ್ತಿ) ಇಳಿಯುತ್ತಾ ಹೋಗುತ್ತದೆ. ಗ್ರಿಡ್ 10ಕ್ಕೆ ಇಳಿಸಿದರೂ ಅದೇ ಕತೆ. ಎಪ್ಸಿಲಾನ್: ಮೈಲಿನ್ 1.44, ಆಕ್ಸಾನ್ 1.38, ಹೊರಗಿನ ದ್ರವ 1.34.

ಉತ್ತರ 1:
ತಪ್ಪು ಕೊನೆಯ ಸಾಲಿನಲ್ಲಿದೆ. ಅವು ವಕ್ರೀಭವನ ಸೂಚ್ಯಂಕಗಳು. ಎಪ್ಸಿಲಾನ್ ಅಂದರೆ ಸೂಚ್ಯಂಕದ ವರ್ಗ; ಮೈಲಿನ್‌ಗೆ 2.0736 ಬರಬೇಕು. ನಿಮ್ಮ ಕೋಡ್‌ನಲ್ಲಿ ಮೈಲಿನ್ ಸೂಚ್ಯಂಕ 1.2ಕ್ಕೆ, ದ್ರವದ್ದು 1.158ಕ್ಕೆ ಕುಸಿದಿದೆ.

ಪರಿಣಾಮ ಸಣ್ಣದಲ್ಲ. ವಿದ್ಯುತ್ ಕ್ಷೇತ್ರ ಅಕ್ಷವನ್ನು ಸುತ್ತುವ ಟಿಇ01 ಮೋಡ್ (ಆಕಾರ ಬದಲಿಸದೆ ಸಾಗುವ ಒಂದು ಅಲೆ ವಿನ್ಯಾಸ) ನಿಲ್ಲಬೇಕಾದರೆ ವಿ ಸಂಖ್ಯೆ (ತ್ರಿಜ್ಯ, ತರಂಗಾಂತರ, ಸೂಚ್ಯಂಕಗಳಿಂದ ಬರುವ ಅಳತೆ) 2.405 ದಾಟಬೇಕು. ಇಡೀ ಸಿಲಿಂಡರ್ ಮೈಲಿನ್ ಎಂದೇ ಹಿಡಿದರೂ ನಿಮಗೆ ಸಿಗುವುದು 2.48. ಒಳಗೆ ಕಡಿಮೆ ಸೂಚ್ಯಂಕದ ಆಕ್ಸಾನ್ ಕೂತಮೇಲೆ ಆ ಚೂರು ಅಂತರವೂ ಉಳಿಯದು, ಬೆಳಕು ಸೋರಲೇಬೇಕು. ಸರಿಯಾದ ಅಂಕಿಗಳಲ್ಲಿ ಅದೇ ಲೆಕ್ಕ 4.14 ಕೊಡುತ್ತದೆ. ಎಪ್ಸಿಲಾನ್ ಇರುವ ಕಡೆ ಇಂಡೆಕ್ಸ್ ಎಂದು ಬರೆಯಿರಿ, ಅಷ್ಟೇ.

ಉತ್ತರ 2:
ತಿದ್ದಿದ ಮೇಲೆ ಅಲೆ ಎಣಿಸಿ ನೋಡಿ. ಅಕ್ಷದ ಉದ್ದಕ್ಕೆ ಹತ್ತು ಅಲೆಗಳು 5.56ರಿಂದ 5.80 ಮೈಕ್ರೊಮೀಟರ್ ಒಳಗೆ ಬಂದರೆ ಬೆಳಕು ಮೈಲಿನ್‌ನಲ್ಲೇ ಇದೆ. 5.97ರವರೆಗೆ ಆಕ್ಸಾನ್‌ಗೂ ಹರಡಿದೆ, ಆದರೂ ಬಂಧಿತ. ಅದಕ್ಕಿಂತ ಉದ್ದವಾದರೆ ಸೋರಿಕೆ.

ಬೆಳಕಿನ ಮೂಲವನ್ನು ಆಕ್ಸಾನ್ ನಡುವೆ ಇಡಬೇಡಿ, ಮೈಲಿನ್ ಉಂಗುರದಲ್ಲಿ ಇಡಿ. ಫ್ಲಕ್ಸ್ ಅಳೆಯುವ ಮೊದಲ ತಲವನ್ನು ಅಲ್ಲಿಂದ 20 ಮೈಕ್ರೊಮೀಟರ್ ಆಚೆ ಹಾಕಿ. ಮೋಡ್‌ಗೆ ಸೇರದ ಬೆಳಕು ಅಷ್ಟರಲ್ಲಿ ಬಹುತೇಕ ಚದುರಿಹೋಗಿರುತ್ತದೆ. ಆಕ್ಸಾನ್, ಮೈಲಿನ್ ಎರಡೂ ಅಂಚಿನಲ್ಲಿ ಬೆಳಕನ್ನು ಹೀರುವ ಪಿಎಂಎಲ್ ಪದರದ ಒಳಕ್ಕೂ ಮುಂದುವರಿಯಲಿ. ಅದರ ಮುಂಚೆಯೇ ಕತ್ತರಿಸಿದರೆ ಪ್ರತಿಫಲನವಾಗಿ ಅಲೆಯ ಎಣಿಕೆಯೇ ಕೆಡುತ್ತದೆ.

ಪ್ರಶ್ನಿಸಿದವರು:
ನೇರ ಭಾಗ ಸರಿಹೋಯಿತು, ಎರಡು ತಲಗಳ ಅನುಪಾತ ಈಗ 1ರ ಹತ್ತಿರ. 1 ಮೈಕ್ರೊಮೀಟರ್ ಗಂಟು ಹಾಕಿದ ಕೂಡಲೇ ಮತ್ತೆ ಇಳಿಯಿತು. ಮೈಲಿನ್ ಅಲ್ಲಿ ಥಟ್ಟನೆ ಮುಗಿಯುತ್ತದೆ.

ಉತ್ತರ 2:
ಗಂಟಿನಲ್ಲಿ ಬೆಳಕನ್ನು ಹಿಡಿಯಲು ಮೈಲಿನ್ ಇಲ್ಲ. ಒಂದಷ್ಟು ನಷ್ಟ ನಿಜವಾದದ್ದೇ. ಆದರೆ ಮೈಲಿನ್ ಗೋಡೆಯಂತೆ ನಿಲ್ಲುವುದಿಲ್ಲ, ಅದರ ಸುತ್ತುಗಳು ಒಂದೊಂದಾಗಿ ಮುಗಿಯುತ್ತವೆ. ಎರಡೂ ಕಡೆ ಹೊರ ತ್ರಿಜ್ಯವನ್ನು 1ರಿಂದ 0.6ಕ್ಕೆ ಇಳಿಜಾರಾಗಿ ತನ್ನಿ. ಇಳಿಜಾರು ಉದ್ದವಾದಷ್ಟೂ ಒಳ್ಳೆಯದೆಂದು ಭಾವಿಸಬೇಡಿ: ಪೊರೆ ತೆಳುವಾದ ಕಡೆ ಮೋಡ್ ಗಂಟಿಗೆ ಮೊದಲೇ ಸಡಿಲವಾಗುತ್ತದೆ. 1, 2, 4 ಮೈಕ್ರೊಮೀಟರ್ ಮೂರನ್ನೂ ಓಡಿಸಿ ಹೋಲಿಸಿ.