ಭಾನುವಾರದ ಸಂತೆಯಲ್ಲಿ ಹರಿವೆ ಸೊಪ್ಪಿಗೂ ಚೌಕಾಸಿ ಮಾಡಬೇಕಾ?

ಕಾಳಿ ದಂಡೆಯವಳು:
ರಜೆಗೆ ಕಾರವಾರಕ್ಕೆ ಬಂದಿದ್ದೇನೆ. ಮೊನ್ನೆ ಭಾನುವಾರ ಮಾವನ ಜೊತೆ ಸಂತೆಗೆ ಹೋಗಿದ್ದೆ. ಹಾಲಕ್ಕಿ ಸಮುದಾಯದ ಅಜ್ಜಿಯೊಬ್ಬರು ಕೆಂಪು ಹರಿವೆ ಹಾಕಿಕೊಂಡು ಕೂತಿದ್ದರು. ಬಾಳೆ ನಾರಿನಲ್ಲಿ ಕಟ್ಟಿದ ಸೊಪ್ಪು, ಬೇರಿನ ಮಣ್ಣು ಇನ್ನೂ ಹಸಿಯಾಗಿತ್ತು. ಕಟ್ಟಿಗೆ ಇಪ್ಪತ್ತು, ಮೂರಕ್ಕೆ ಐವತ್ತು ಅಂದರು. ಮಾವ ನಲವತ್ತಕ್ಕೆ ಪಟ್ಟು ಹಿಡಿದರು. ಅಜ್ಜಿ ಮಾತಾಡದೆ ಮೂರು ಕಟ್ಟು ಎತ್ತಿ ಚೀಲಕ್ಕೆ ಹಾಕಿದರು. ನನಗೆ ಅವರ ಮುಖ ನೋಡಲಾಗಲಿಲ್ಲ. ಬೆಳೆದವರೇ ತಂದು ಮಾರುವಾಗಲೂ ಚೌಕಾಸಿ ಮಾಡುವುದು ಸರಿಯಾ?

ಘಟ್ಟದ ಮೇಲಿನವ:
ಸಂತೆ ಅಂದಮೇಲೆ ಚೌಕಾಸಿ ಇದ್ದದ್ದೇ. ನಮ್ಮ ಶಿರಸಿ ಸಂತೆಯಲ್ಲಿ ಮಾರುವವರೂ ಎರಡು ರೂಪಾಯಿ ಮೇಲೆ ಇಟ್ಟೇ ಹೇಳುತ್ತಾರೆ. ಮಾತು ನಡೆಯುತ್ತದೆ, ಕೊನೆಗೆ ಒಂದು ಹಿಡಿ ಕೊತ್ತಂಬರಿ ಕೊಸರು ಹಾಕುತ್ತಾರೆ. ಪಾಪ ಅಂತ ಹೇಳಿದಷ್ಟು ಕೊಟ್ಟರೆ ಅವರನ್ನು ವ್ಯಾಪಾರಸ್ಥರು ಅಂತ ನೋಡಿದ ಹಾಗಾಗುವುದಿಲ್ಲ. ಆದರೆ ಮೂರಕ್ಕೆ ಐವತ್ತು ಅಂತ ಅವರೇ ಇಳಿಸಿದ ಮೇಲೆ ಮತ್ತೆ ಹತ್ತು ಕೇಳಿದ್ದು ಜಾಸ್ತಿಯಾಯಿತು.

ಒಗ್ಗರಣೆ:
ಮೊದಲು ಬೆಳೆದವರು ಯಾರು ಅಂತ ಗುರುತಿಸಬೇಕಲ್ವಾ? ನಾನು ಬುಟ್ಟಿ ನೋಡುತ್ತೇನೆ. ನಾಲ್ಕು ಮೊಗೆಕಾಯಿ, ಎರಡು ಹಿಡಿ ಬಸಳೆ, ಒಂದಿಷ್ಟು ಬದನೆ, ಬಾಳೆ ಎಲೆ ಮುಚ್ಚಿದ ಅಬ್ಬಲಿಗೆ ದಂಡೆ ಹೀಗೆ ಚೂರುಪಾರು ಇದ್ದರೆ ಅದು ಹಿತ್ತಲಿನದು. ಕಾಯಿಗಳೂ ಒಂದೇ ಅಳತೆಯವಲ್ಲ. ಮೂಟೆಗಟ್ಟಲೆ ಕ್ಯಾಬೇಜು, ಕ್ಯಾರೆಟ್ ಇದ್ದರೆ ಅದು ಘಟ್ಟ ಇಳಿದು ಬಂದದ್ದು. ಇವರು ಮಧ್ಯವರ್ತಿಗಳು, ಇವರ ಹತ್ತಿರ ಎಷ್ಟು ಬೇಕಾದರೂ ಎಳೆದಾಡಿ.

ಹುಬ್ಬಳ್ಳಿ ಗಾಡಿ:
ಅಕ್ಕಾರೆ, ಆ ಮೂಟೆ ತರುವವರಲ್ಲಿ ನಾನೂ ಒಬ್ಬ. ಶನಿವಾರ ಹುಬ್ಬಳ್ಳಿಯಲ್ಲಿ ಮಾಲು ತುಂಬಿ ರಾತ್ರಿ ಅರಬೈಲ್ ಘಟ್ಟ ಇಳಿಯುತ್ತೇವೆ. ಗಾಡಿ ಬಾಡಿಗೆ, ಹಮಾಲಿ, ಡೀಸೆಲ್ ಎಲ್ಲ ನಮ್ಮದೇ. ಸಂಜೆಗೆ ಉಳಿದ ಟೊಮೆಟೊ ವಾಪಸ್ ಒಯ್ಯುವಂತಿಲ್ಲ. ಕರಾವಳಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರ್‌ಗೂ ಜಾಸ್ತಿ ಮಳೆ. ಆಷಾಢದಲ್ಲಿ ನಾವು ಬರದಿದ್ದರೆ ಸಂತೆಯಲ್ಲಿ ಬಟಾಟೆ, ಈರುಳ್ಳಿ ಎಲ್ಲಿಂದ ಬರಬೇಕು? ಬೆಳೆದವರಿಗೆ ಜಾಸ್ತಿ ಕೊಡಿ, ಬೇಡ ಅನ್ನುವುದಿಲ್ಲ. ನಮ್ಮದೂ ದುಡಿಮೆಯೇ.

ಒಗ್ಗರಣೆ:
ಒಪ್ಪಿದೆ ಅಣ್ಣ. "ಎಷ್ಟು ಬೇಕಾದರೂ" ಅಂದದ್ದು ತಪ್ಪು.

ಕೊಯಮತ್ತೂರಿನಿಂದ:
ತಮಿಳುನಾಡಿನಲ್ಲಿ ಇದಕ್ಕೇ ಉಳವರ್ ಸಂದೈ, ಅಂದರೆ ರೈತರೇ ಮಾರುವ ಸಂತೆ ಇದೆ. 1999ರಲ್ಲಿ ಮದುರೈಯಲ್ಲಿ ಶುರುವಾಯಿತು. ರೈತರಿಗೆ ಫೋಟೊ ಇರುವ ಗುರುತಿನ ಚೀಟಿ ಕೊಡುತ್ತಾರೆ, ಅದಿಲ್ಲದವರು ಮಾರುವಂತಿಲ್ಲ. ತಕ್ಕಡಿ ಅಲ್ಲಿಯೇ ಸಿಗುತ್ತದೆ. ಸಗಟು ಬೆಲೆಗಿಂತ ಮೇಲೆ, ಅಂಗಡಿ ಬೆಲೆಗಿಂತ ಕೆಳಗೆ ದರ ಗೊತ್ತು ಮಾಡಿ ಬೆಳಿಗ್ಗೆಯೇ ಬೋರ್ಡಿನಲ್ಲಿ ಬರೆಯುತ್ತಾರೆ. ನಾನು ಅಲ್ಲಿ ಚೌಕಾಸಿ ಮಾಡಿದ್ದೇ ಇಲ್ಲ. ನಮ್ಮಲ್ಲೂ ಹೀಗೆ ಮಾಡಬಹುದಲ್ವಾ?

ಬುಟ್ಟಿಯವಳ ಮಗಳು:
ಚೀಟಿ ಕೊಡಲು ಜಮೀನಿನ ಕಾಗದ ಕೇಳುತ್ತಾರಲ್ವಾ? ನಮ್ಮ ಗದ್ದೆಯ ಪಹಣಿ ಇನ್ನೂ ಅಜ್ಜನ ಹೆಸರಿನಲ್ಲೇ ಇದೆ. ಭತ್ತ ಕೊಯ್ದ ಮೇಲೆ ಅದೇ ಗದ್ದೆಯಲ್ಲಿ ಅಮ್ಮ ಹರಿವೆ, ಮೆಣಸು, ಗೆಣಸು ಹಾಕುತ್ತಾಳೆ. ಕೊಡಪಾನದಲ್ಲಿ ನೀರು ಹೊತ್ತು ಹಾಕುವವಳು ಅವಳು, ಆದರೆ ಕಾಗದದಲ್ಲಿ ಅವಳು ರೈತಳಲ್ಲ. ಇಂಥವರನ್ನು ಬಿಟ್ಟು ಚೀಟಿ ಮಾಡಿದರೆ ಸಂತೆಯಲ್ಲಿ ಅರ್ಧ ಹೆಂಗಸರು ಹೊರಗೇ ಕೂರಬೇಕು.

ಚೌಕಾಸಿ ಬಗ್ಗೆ ಹೇಳುತ್ತೇನೆ. ಅಮ್ಮ ಮೂರು ಗಂಟೆಗೆ ಎದ್ದು ಸೊಪ್ಪು ಕಟ್ಟುತ್ತಾಳೆ, ಮೊದಲ ಟೆಂಪೋ ಹಿಡಿಯುತ್ತಾಳೆ. ಬುಟ್ಟಿಗೂ ಬಾಡಿಗೆ ಕೊಡಬೇಕು. ಬೆಳಿಗ್ಗೆ ಯಾರು ಐದು ರೂಪಾಯಿ ಕಮ್ಮಿ ಕೇಳಿದರೂ ಅವಳಿಗೆ ಬೇಸರವಿಲ್ಲ, ನಗುತ್ತಲೇ "ಆಗ ತಂಗಿ, ಬತ್ತಿಲ್ಲೆ" (ಆಗುವುದಿಲ್ಲ, ಗಿಟ್ಟುವುದಿಲ್ಲ) ಅಂತಾಳೆ. ಹನ್ನೆರಡರ ಬಿಸಿಲಲ್ಲಿ ಸೊಪ್ಪು ಬಾಡುವಾಗ ಕೇಳುತ್ತಾರಲ್ಲ, ಅದು ಕಷ್ಟ. ವಾಪಸ್ ಒಯ್ದರೆ ದನಕ್ಕೆ ಹಾಕಬೇಕು ಅಂತ ಇಬ್ಬರಿಗೂ ಗೊತ್ತು. ಆಗ ಹೇಳಿದ ಬೆಲೆಗೆ ಅವಳು ಕೊಟ್ಟೇ ಕೊಡುತ್ತಾಳೆ.

ಘಟ್ಟದ ಮೇಲಿನವ:
ಈ ಹೊತ್ತಿನ ಲೆಕ್ಕ ನನಗೆ ಹೊಳೆದಿರಲಿಲ್ಲ. ಮಧ್ಯಾಹ್ನ ಸಂತೆಗೆ ಹೋದರೆ ಅಗ್ಗ ಅಂತ ನಾನೇ ಹಲವರಿಗೆ ಹೇಳಿದ್ದೇನೆ. ಇನ್ನು ಹೇಳುವುದಿಲ್ಲ.

ಕಾಳಿ ದಂಡೆಯವಳು:
ನಾವು ಹೋಗಿದ್ದೂ ಹನ್ನೊಂದೂವರೆಗೆ. ಈ ಭಾನುವಾರ ಏಳಕ್ಕೇ ಹೋಗುತ್ತೇನೆ, ಚಿಲ್ಲರೆ ಇಟ್ಟುಕೊಂಡು. ಅಜ್ಜಿ ಸಿಕ್ಕರೆ ಹೋದ ವಾರದ ಹತ್ತು ರೂಪಾಯಿ ಸೇರಿಸಿ ಕೊಡಬೇಕು. ತಂಗಿ, ಒಂದು ಪ್ರಶ್ನೆ. ಕುಮಟಾ ಈರುಳ್ಳಿಯ ಒಂದು ಗೊಂಚಲು ತಂದಿದ್ದೇನೆ, ಎಲೆಯನ್ನೇ ಜಡೆ ಹೆಣೆದಿದ್ದಾರೆ. ಬೆಂಗಳೂರಿನ ಮನೆಯಲ್ಲಿ ಹೇಗೆ ಇಡಲಿ?

ಬುಟ್ಟಿಯವಳ ಮಗಳು:
ಜಡೆ ಬಿಚ್ಚಬೇಡಿ ಅಕ್ಕ. ಗಾಳಿ ಆಡುವ ಕಡೆ ಗೂಟಕ್ಕೆ ನೇತುಹಾಕಿ, ನೀರು ತಾಗಬಾರದು. ಬೇಕಾದಾಗ ಕೆಳಗಿನಿಂದ ಒಂದೊಂದೇ ಕತ್ತರಿಸಿಕೊಳ್ಳಿ. ನಮ್ಮಲ್ಲಿ ಮಳೆಗಾಲಕ್ಕೆ ಅಂತ ಒಲೆಯ ಮೇಲೆ ಕಟ್ಟುತ್ತೇವೆ, ಹೊಗೆಗೆ ಕೆಡುವುದಿಲ್ಲ. ಅಜ್ಜಿಗೆ ಹತ್ತು ರೂಪಾಯಿ ಹಾಗೇ ಕೊಟ್ಟರೆ ತಗೊಳ್ಳಲಿಕ್ಕಿಲ್ಲ. ಒಂದು ಕಟ್ಟು ಜಾಸ್ತಿ ತಗೊಳ್ಳಿ.