ಫಜಿ ಗಣಗಳ ವಿಸ್ತೃತ ರೂಪಗಳು: ಸಂಶೋಧಕರ ಪ್ರಶ್ನೆಗಳಿಗೆ ಗಣಿತ ಪ್ರಾಧ್ಯಾಪಕರ ಉತ್ತರ

ಸಂಶೋಧನಾ ವಿದ್ಯಾರ್ಥಿನಿ, ಕೋಲಾರ: ಮೇಡಂ, ಯಾವ ಕೆರೆಯ ಹೂಳನ್ನು ಮೊದಲು ತೆಗೆಯಬೇಕೆಂದು ನಿರ್ಧರಿಸುವ ಮಾದರಿ ನನ್ನ ಪಿಎಚ್‌ಡಿ ವಿಷಯ. ಒಂದು ಕೆರೆ ಗಣಕ್ಕೆ ಎಷ್ಟರಮಟ್ಟಿಗೆ ಸೇರುತ್ತದೆ ಎಂಬುದಕ್ಕೆ 0ರಿಂದ 1ರವರೆಗೆ ಅಂಕ (ಸದಸ್ಯತ್ವ) ಕೊಡುವ ಫಜಿ ಗಣಗಳನ್ನು ಅದರಲ್ಲಿ ಬಳಸುತ್ತಿದ್ದೇನೆ. ಒಂದು ಕೆರೆಗೆ ತಜ್ಞರೊಬ್ಬರು ಪರವಾಗಿ 0.7, ವಿರುದ್ಧವಾಗಿ 0.5 ಕೊಟ್ಟಿದ್ದಾರೆ. ಮೊತ್ತ 1ನ್ನು ದಾಟುವುದರಿಂದ, ಪರ-ವಿರುದ್ಧ ಅಂಕಗಳ ಮೊತ್ತ 1ನ್ನು ಮೀರಬಾರದೆಂಬ ಅಟನಾಸೊವ್ ಅವರ ಇಂಟ್ಯೂಷನಿಸ್ಟಿಕ್ ಫಜಿ ಗಣಕ್ಕೆ ಇದು ಹೊಂದುವುದಿಲ್ಲ. ಪೈಥಾಗರಿಯನ್ ಫಜಿ ಗಣ ಬಳಸಿದರೆ ಸಾಕೆಂದು ಮಾರ್ಗದರ್ಶಕರು ಹೇಳುತ್ತಾರೆ. ಸಾಕೇ?

ಪ್ರಾಧ್ಯಾಪಕಿ: ಸಾಲದು, ಮತ್ತು ಇದು ನನಗೆ ನಿಜವಾಗಿ ಕಳವಳದ ವಿಷಯ. 0.7ರ ವರ್ಗ 0.49, 0.5ರ ವರ್ಗ 0.25, ಕೂಡಿದರೆ 0.74, ಅಂಕಗಳ ವರ್ಗಗಳ ಮೊತ್ತ 1ನ್ನು ಮೀರಬಾರದೆಂದು ಪೈಥಾಗರಿಯನ್ ಗಣಕ್ಕೆ 2013ರಲ್ಲಿ ಯಾಗರ್ ಮುಂದಿಟ್ಟ ಷರತ್ತು ಪಾಲನೆಯಾಗುತ್ತದೆ. ಆದರೆ ಎರಡೂ ಅಂಕಗಳನ್ನು ವರ್ಗ ಮಾಡಿದ ಕೂಡಲೇ ಕೈಗೆ ಸಿಗುವುದು ಅಟನಾಸೊವ್ ಅವರ ಗಣವೇ ಆದ್ದರಿಂದ, ಹಳೆಯ ಪ್ರಮೇಯಗಳನ್ನು ಪೈಥಾಗರಿಯನ್ ಹೆಸರಿನಲ್ಲಿ ಮತ್ತೆ ಸಾಧಿಸಿದರೆ ಗಣಿತಕ್ಕೆ ಹೊಸದೇನೂ ಸೇರುವುದಿಲ್ಲ. ನಾಳೆ ಇನ್ನೊಬ್ಬರು 0.9 ಮತ್ತು 0.6 ಕೊಟ್ಟರೆ ವರ್ಗಗಳ ಮೊತ್ತವೂ 1.17 ಆಗುತ್ತದೆ, ಆಗ ಘನ ಮಾಡಿ 0.945ಕ್ಕೆ ಇಳಿಸುತ್ತೀರಾ? ಮೊದಲು ಆ ತಜ್ಞರನ್ನೇ ಕೇಳಿ: 0.5 ಎಂದದ್ದು ಹೂಳೆತ್ತುವುದಕ್ಕೆ ವಿರೋಧವೋ, ಒತ್ತುವರಿ ಬಿಡಿಸದೆ ಕೆಲಸ ಸಾಗದೆಂಬ ಆತಂಕವೋ? ಎರಡನೆಯದಾದರೆ ಅದು ಬೇರೆಯೇ ಮಾನದಂಡ, ಅದಕ್ಕೆ ಬೇರೆ ಅಂಕ ಬೇಕು. ಹಲವು ತಜ್ಞರು ಒಮ್ಮತಕ್ಕೆ ಬಾರದಿದ್ದರೆ, ಭಿನ್ನಮತವನ್ನು ಸರಾಸರಿಯಲ್ಲಿ ಮುಚ್ಚದೆ ಎಲ್ಲ ಅಂಕಗಳನ್ನೂ ಉಳಿಸಿಕೊಳ್ಳುವ ಟೋರಾ ಅವರ ಹೆಸಿಟೆಂಟ್ ಫಜಿ ಗಣ ಹೆಚ್ಚು ಸೂಕ್ತ. ಅಂಕಗಳನ್ನು ತುಸು ಬದಲಿಸಿದಾಗ ಕೆರೆಗಳ ಕ್ರಮ ಏರುಪೇರಾಗುತ್ತದೆಯೇ ನೋಡಿ. ಸರಳವಾದ ತೂಕದ ಸರಾಸರಿಯೂ ಅದೇ ಕ್ರಮ ಕೊಟ್ಟರೆ ಅದನ್ನೂ ಪ್ರಬಂಧದಲ್ಲಿ ಬರೆಯಿರಿ.

ಬ್ಯಾಂಕ್ ಉದ್ಯೋಗಿ: ಇದೆಲ್ಲ ಸಂಭವನೀಯತೆಯೇ ಅಲ್ಲವೇ?

ಪ್ರಾಧ್ಯಾಪಕಿ: ಅಲ್ಲ. ಕೆರೆ ಈ ವರ್ಷ ತುಂಬುವುದೇ ಎಂಬುದು ಸಂಭವನೀಯತೆ. ಅರ್ಧ ನೀರಿರುವ ಕೆರೆಯನ್ನು ಎಷ್ಟರಮಟ್ಟಿಗೆ ತುಂಬಿದ ಕೆರೆ ಎನ್ನಬಹುದು ಎಂಬುದು ಫಜಿ ಗಣ.

ಪದವಿ ಕಾಲೇಜು ಅಧ್ಯಾಪಕ: ಒಂದು ಸಂದೇಶ ಬಂದಿದೆ: ‘ಹಳೆಯ ಲೇಖನದಲ್ಲಿ ಫಜಿ ಎಂದಿರುವಲ್ಲೆಲ್ಲ ಸ್ಫೆರಿಕಲ್ ಫಜಿ ಎಂದು ಬದಲಿಸಿ, ಶೀಘ್ರ ಪ್ರಕಟಣೆ ಖಚಿತ.’ ಸ್ಫೆರಿಕಲ್ ಫಜಿ ಎಂಬುದು ಫಜಿ ಗಣದ ಇನ್ನೊಂದು ವಿಸ್ತೃತ ರೂಪ. ಪ್ರಯತ್ನಿಸಬಹುದೇ?

ಪ್ರಾಧ್ಯಾಪಕಿ: ಕೂಡದು. ಇಂತಹ ಸಂದೇಶಗಳನ್ನು ಇಲ್ಲಿ ಹಂಚಬೇಡಿ. ವಿದ್ಯಾರ್ಥಿಗಳ ವರ್ಷಗಳು ಇದರಿಂದ ಹಾಳಾಗುತ್ತಿವೆ.

ಎಂಜಿನಿಯರ್: ನನ್ನ ಅಭಿಪ್ರಾಯದಲ್ಲಿ 1965ರ ಝಾದೆಯವರ ಮೂಲ ಗಣವೇ ಸಾಕು, ವಿಸ್ತರಣೆಗಳೆಲ್ಲ ಕಾಗದದ ಕಸರತ್ತು.

ಅಧ್ಯಾಪಕ: ತಾವು ಓದದೆ ಹೇಳುತ್ತಿದ್ದೀರಿ. ಸ್ಮರಂದಾಕೆಯವರ ನ್ಯೂಟ್ರೊಸೊಫಿಕ್ ಗಣದಲ್ಲಿ ಸತ್ಯ, ಅನಿಶ್ಚಿತತೆ, ಅಸತ್ಯ ಮೂರಕ್ಕೂ ಸ್ವತಂತ್ರ ಅಂಕಗಳಿವೆ.

ಎಂಜಿನಿಯರ್: ಮೂರು ಅಂಕಗಳನ್ನು ಅಳೆಯುವವರು ಯಾರು? ಸಂದೇಶ ಹಂಚುವವರೇ?

ಅಧ್ಯಾಪಕ: ವೈಯಕ್ತಿಕ ಮಾತು ಬೇಡ.

ಪ್ರಾಧ್ಯಾಪಕಿ: ಇಬ್ಬರೂ ನಿಲ್ಲಿಸಿ. ಸದಸ್ಯತ್ವದ ಅಂಕವೇ ಅನಿಶ್ಚಿತವಾದಾಗ ಬಳಸುವ ಟೈಪ್-2 ಗಣವನ್ನು 1975ರಲ್ಲಿ ಮುಂದಿಟ್ಟವರು ಝಾದೆಯವರೇ. ಆದ್ದರಿಂದ ವಿಸ್ತರಣೆಗಳೆಲ್ಲ ಕಸರತ್ತು ಎನ್ನುವುದು ತಪ್ಪು. ಅಳೆಯುವ ಬಗೆ ಹೇಳದೆ ಅಂಕಗಳನ್ನು ಹೆಚ್ಚಿಸುವುದೂ ತಪ್ಪು.

ಎಂ.ಎಸ್ಸಿ. ವಿದ್ಯಾರ್ಥಿ: ಮೇಡಂ, ಟೈಪ್-2 ಗಣಕ್ಕೆ ಯಾವ ಸಾಫ್ಟ್‌ವೇರ್ ಒಳ್ಳೆಯದು?

ಬ್ಯಾಂಕ್ ಉದ್ಯೋಗಿ: ಆದರೂ ಸಂಭವನೀಯತೆಯಿಂದ ಇದನ್ನೆಲ್ಲ ಮಾಡಬಹುದಲ್ಲವೇ?

ಪ್ರಾಧ್ಯಾಪಕಿ: ಉತ್ತರ ಮೇಲಿದೆ, ಓದಿ.

ಎಂಜಿನಿಯರ್: ಅಳೆಯುವ ಬಗೆಯನ್ನು ಅಧ್ಯಾಪಕರು ಇನ್ನೂ ಹೇಳಿಲ್ಲ.

ಅಧ್ಯಾಪಕ: ತಮಗೆ ಹೇಳಬೇಕಾದ ಅಗತ್ಯ ನನಗಿಲ್ಲ.